ಮನೆಯ ತೋಟಕ್ಕೆ ಸರಿಯಾದ ಕೋನಿಫರ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನರ್ಸರಿಯ ಕುಂಡದಲ್ಲಿ ಮೊಣಕಾಲೆತ್ತರಕ್ಕೆ ನಿಂತಿರುವ ಕೋನಿಫರ್ ಸಸಿ ಎಷ್ಟು ಅಚ್ಚುಕಟ್ಟಾಗಿ ಕಾಣುತ್ತದೆಯೆಂದರೆ, ಅದು ಮುಂದೊಂದು ದಿನ ಮನೆಯ ಮಾಡನ್ನೂ ಮೀರಿ ಬೆಳೆದೀತೆಂಬ ಯೋಚನೆ ಕೊಳ್ಳುವವರಿಗೆ ಬರುವುದೇ ಇಲ್ಲ. ಬೇರೆ ಗಿಡಗಳಾದರೆ ಇಂಥ ತಪ್ಪನ್ನು ಕತ್ತರಿಯಿಂದ ತಿದ್ದಿಕೊಳ್ಳಬಹುದು. ಕೋನಿಫರ್‌ಗಳಲ್ಲಿ ಹೆಚ್ಚಿನವಕ್ಕೆ ಆ ಅವಕಾಶವಿಲ್ಲ. ಹಾಗಾಗಿ ಇಲ್ಲಿ ಆರೈಕೆಗಿಂತ ಆಯ್ಕೆಯೇ ದೊಡ್ಡ ಕೆಲಸ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಳಗಿನ ಉತ್ತರಗಳನ್ನು ಆ ದೃಷ್ಟಿಯಿಂದಲೇ ಬರೆದಿದ್ದೇನೆ.

ಕೋನಿಫರ್ ಎಂದರೆ ಯಾವುದು? ಸೂಜಿಯಂತಹ ಎಲೆಯುಳ್ಳ ಮರಗಳೆಲ್ಲ ಕೋನಿಫರ್‌ಗಳೇ?

ಅಲ್ಲ. ಹೂವು ಬಿಡದೆ, ಶಂಕುವಿನ ಆಕಾರದ ಕಾಯಿಯ ಪದರಗಳ ನಡುವೆ ಬೀಜ ಬೆಳೆಸುವ ಮರಗಳನ್ನು ಕೋನಿಫರ್ ಎನ್ನುತ್ತಾರೆ. ಪಠ್ಯಪುಸ್ತಕಗಳಲ್ಲಿ ಇವನ್ನು ಶಂಕುಧಾರಿ ಎಂದೂ ಸೂಚಿಪರ್ಣಿ ಎಂದೂ ಕರೆದಿರುವುದುಂಟು. ಜಗತ್ತಿನಲ್ಲಿ ಇವುಗಳ 600ಕ್ಕೂ ಹೆಚ್ಚು ಪ್ರಭೇದಗಳಿವೆ. ಪೈನ್, ಸ್ಪ್ರೂಸ್, ಫರ್ ಮತ್ತು ದೇವದಾರುಗಳಿಗೆ ಸೂಜಿಯಂತಹ ಎಲೆಗಳಿದ್ದರೆ, ಸೈಪ್ರಸ್ ಮತ್ತು ಥೂಜಾಗಳಿಗೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಒರಗಿದ ಪುಟ್ಟ ಎಲೆಗಳಿರುತ್ತವೆ. ಪೊಡೊಕಾರ್ಪಸ್‌ನ ಎಲೆಯಂತೂ ಪಟ್ಟಿಯಂತೆ ಅಗಲವಾಗಿರುತ್ತದೆ. ಯೂ ಮತ್ತು ಪೊಡೊಕಾರ್ಪಸ್‌ಗಳಲ್ಲಿ ಗಟ್ಟಿ ಕಾಯಿಯ ಬದಲು ಮೆತ್ತನೆಯ, ಹಣ್ಣಿನಂತಹ ಭಾಗವೊಂದು ಬೀಜಕ್ಕೆ ಅಂಟಿಕೊಂಡಿರುತ್ತದೆ, ಆದರೂ ಅವು ಇದೇ ಬಳಗಕ್ಕೆ ಸೇರಿದವು.

ಗಾಳಿಮರ ದೂರದಿಂದ ಪೈನ್‌ನಂತೆಯೇ ಕಂಡರೂ ಅದು ಹೂಬಿಡುವ ಸಸ್ಯ. ಅದರಲ್ಲಿ ಸೂಜಿಯೆಂದು ನಾವು ತಿಳಿಯುವುದು ನಿಜಕ್ಕೂ ಹಸಿರು ಕಡ್ಡಿಯನ್ನು. ಸೈಕಸ್ ಮತ್ತು ಗಿಂಕ್ಗೊ ಕೋನಿಫರ್‌ಗಳಿಗೆ ದೂರದ ನೆಂಟರಾದರೂ ಕೋನಿಫರ್‌ಗಳಲ್ಲ. ಈ ವ್ಯತ್ಯಾಸವನ್ನು ಸಸ್ಯಶಾಸ್ತ್ರದ ಹಟಕ್ಕಾಗಿ ಹೇಳುತ್ತಿಲ್ಲ. ಮುಂದೆ ಹೇಳುವ ಸವರುವಿಕೆಯ ನಿಯಮಗಳು ಈ ಗಿಡಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಕೈಯಲ್ಲಿರುವುದು ಯಾವ ಗಿಡ ಎಂಬುದು ಮೊದಲು ಖಚಿತವಾಗಬೇಕು.

ಗಿಡ ಆರಿಸುವ ಮೊದಲು ಏನನ್ನು ನೋಡಬೇಕು?

ಜಾಗವನ್ನು. ಅಲ್ಲಿ ಎಷ್ಟು ಅಗಲವಿದೆ, ಮೇಲೆ ತಂತಿಗಳು ಹಾದುಹೋಗಿವೆಯೆ, ದಿನಕ್ಕೆ ಎಷ್ಟು ಗಂಟೆ ನೇರ ಬಿಸಿಲು ಬೀಳುತ್ತದೆ, ಜೋರು ಮಳೆಯ ನಂತರ ನೀರು ನಿಲ್ಲುತ್ತದೆಯೆ, ವರ್ಷದ ಅತಿ ಚಳಿ ಮತ್ತು ಅತಿ ಸೆಕೆ ಎಷ್ಟು ಎಂಬ ಐದು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡು ನರ್ಸರಿಗೆ ಹೋಗುವುದು ಒಳ್ಳೆಯದು. ಗಿಡ ಕೊಂಡು ತಂದ ಮೇಲೆ ಜಾಗ ಹುಡುಕಲು ಹೊರಟರೆ, ಸಾಮಾನ್ಯವಾಗಿ ಅದು ಗೋಡೆಯ ಮೂಲೆಗೋ ಗೇಟಿನ ಪಕ್ಕಕ್ಕೋ ಹೋಗಿ ನಿಲ್ಲುತ್ತದೆ, ಮತ್ತು ಕೋನಿಫರ್‌ಗೆ ಅತ್ಯಂತ ಒಗ್ಗದ ಜಾಗಗಳು ಅವೇ ಎರಡು.

ಲೇಬಲ್ಲಿನ ಮೇಲೆ ‘ಡ್ವಾರ್ಫ್’ ಎಂದು ಬರೆದಿದ್ದರೆ ಗಿಡ ಸಣ್ಣದಾಗಿಯೇ ಉಳಿಯುತ್ತದೆಯೆ?

ಬಹುಪಾಲು ನಿರಾಸೆಗಳು ಹುಟ್ಟುವುದು ಈ ಒಂದು ಪದದಿಂದ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಕೋನಿಫರ್ ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಇಷ್ಟೆತ್ತರಕ್ಕೆ ಬಂದ ಮೇಲೆ ಸಾಕು ಎಂದು ನಿಲ್ಲುವ ಘಟ್ಟ ಅದಕ್ಕಿಲ್ಲ. ‘ಡ್ವಾರ್ಫ್’ ಎಂಬ ಪದ ಹೇಳುವುದು ಬೆಳೆಯುವ ವೇಗವನ್ನು ಮಾತ್ರ. ಅಮೆರಿಕದ ಕೋನಿಫರ್ ಸೊಸೈಟಿ ರೂಪಿಸಿರುವ ನಾಲ್ಕು ವರ್ಗಗಳನ್ನು ಈಗ ಹಲವು ಕಡೆ ಬಳಸುತ್ತಾರೆ. ವರ್ಷಕ್ಕೆ 2.5 ಸೆಂಟಿಮೀಟರ್‌ಗಿಂತ ಕಡಿಮೆ ಬೆಳೆಯುವುದು ‘ಮಿನಿಯೇಚರ್’, 2.5ರಿಂದ 15 ಸೆಂಟಿಮೀಟರ್ ಬೆಳೆಯುವುದು ‘ಡ್ವಾರ್ಫ್’. 15ರಿಂದ 30 ಸೆಂಟಿಮೀಟರ್ ಬೆಳೆಯುವುದು ಮಧ್ಯಮ. ಅದಕ್ಕಿಂತ ಹೆಚ್ಚು ಬೆಳೆಯುವುದು ದೊಡ್ಡದು. ಈ ಲೆಕ್ಕದಲ್ಲಿ ‘ಡ್ವಾರ್ಫ್’ ಎಂದು ಮಾರಾಟವಾಗುವ ಗಿಡ ಹತ್ತು ವರ್ಷಗಳಲ್ಲಿ ಒಂದಡಿಯಷ್ಟೂ ಆಗಬಹುದು, ಐದಡಿಯಷ್ಟೂ ಆಗಬಹುದು. ಇಪ್ಪತ್ತೈದು ವರ್ಷಗಳ ಲೆಕ್ಕ ಹಾಕಿದರೆ ಅಂತರ ಇನ್ನೂ ದೊಡ್ಡದಾಗುತ್ತದೆ.

ಲೇಬಲ್ಲಿನಲ್ಲಿ ಅಚ್ಚಾಗಿರುವ ಎತ್ತರವೂ ಸಾಮಾನ್ಯವಾಗಿ ಹತ್ತನೆಯ ವರ್ಷದ್ದು, ಮರದ ಕೊನೆಯ ಎತ್ತರವಲ್ಲ. ಹೀಗಾಗಿ ಎತ್ತರವನ್ನು ಕೇಳುವ ಬದಲು ವರ್ಷಕ್ಕೆ ಎಷ್ಟು ಬೆಳೆಯುತ್ತದೆ ಎಂದು ಕೇಳಿ, ಅದನ್ನು ನಿಮ್ಮ ತೋಟ ಬಾಳಬೇಕಾದ ವರ್ಷಗಳಿಂದ ಗುಣಿಸಿ ನೋಡುವುದು ಹೆಚ್ಚು ನಂಬಬಹುದಾದ ದಾರಿ. ಅಗಲದ ಲೆಕ್ಕವನ್ನೂ ಮರೆಯಬಾರದು: ನೆಲಕ್ಕಂಟಿ ಹರಡುವ ಜೂನಿಪೆರಸ್ ಪ್ರೊಕಂಬೆನ್ಸ್ ‘ನಾನಾ’ ಎಂಬ ತಳಿ ಒಂದಡಿ ಎತ್ತರವನ್ನು ಮೀರುವುದು ಅಪರೂಪ, ಆದರೆ ಕಾಲಕ್ರಮದಲ್ಲಿ ಅದು 2 ಮೀಟರ್ ಅಗಲದ ಹಾಸಾಗುತ್ತದೆ.

ಕುಳ್ಳ ತಳಿಗಳು ಎಲ್ಲಿಂದ ಬಂದವು ಎಂಬುದನ್ನು ತಿಳಿದರೆ ಇನ್ನೊಂದು ಅಪಾಯವೂ ಅರ್ಥವಾಗುತ್ತದೆ. ದೊಡ್ಡ ಮರದ ಕೊಂಬೆಯೊಂದರಲ್ಲಿ ಕೆಲವೊಮ್ಮೆ ಪೊರಕೆಯಂತೆ ಒತ್ತೊತ್ತಾಗಿ ಕುಡಿಗಳು ಗುಂಪುಗಟ್ಟಿ ಬೆಳೆಯುತ್ತವೆ. ಆ ಗುಂಪಿನಿಂದ ಕಡ್ಡಿ ತೆಗೆದು ಕಸಿ ಕಟ್ಟಿದರೆ ಕುಳ್ಳ ಗಿಡ ಸಿಗುತ್ತದೆ. ಇನ್ನು ಕೆಲವು ಕಾಡಿನಲ್ಲಿ ತಾವಾಗಿಯೇ ಕುಳ್ಳಾಗಿ ಹುಟ್ಟಿದ ಸಸಿಗಳು. ಬಹಳ ಜನಪ್ರಿಯವಾಗಿರುವ ‘ಡ್ವಾರ್ಫ್ ಆಲ್ಬರ್ಟ ಸ್ಪ್ರೂಸ್’ ಹಾಗೆ ಸಿಕ್ಕಿದ್ದು. 1904ರಲ್ಲಿ ಆಲ್ಫ್ರೆಡ್ ರೆಡರ್ ಮತ್ತು ಜೆ. ಜಿ. ಜಾಕ್ ಎಂಬ ಸಸ್ಯವಿಜ್ಞಾನಿಗಳು ಕೆನಡಾದ ಆಲ್ಬರ್ಟ ಪ್ರಾಂತದಲ್ಲಿ ಅದನ್ನು ಕಂಡರು. ಇಂತಹ ಗಿಡಗಳಲ್ಲಿ ಆಗಾಗ ಒಂದು ಕೊಂಬೆ ಮೂಲ ಮರದ ಗುಣಕ್ಕೆ ಮರಳಿ, ಉದ್ದನೆಯ ಎಲೆಗಳೊಂದಿಗೆ ಭರದಿಂದ ಮೇಲೇಳುತ್ತದೆ. ಅದನ್ನು ಕಂಡ ಕೂಡಲೇ ಬುಡದಿಂದ ಕತ್ತರಿಸದಿದ್ದರೆ ಕೆಲವೇ ವರ್ಷಗಳಲ್ಲಿ ಆ ಕೊಂಬೆಯೇ ಮರವಾಗಿ, ಕುಳ್ಳ ಗಿಡ ಅದರ ಬುಡದಲ್ಲಿ ಸೊರಗುತ್ತದೆ.

ನಮ್ಮ ಹವಾಮಾನಕ್ಕೆ ಯಾವುದು ಹೊಂದುತ್ತದೆಂದು ತಿಳಿಯುವುದು ಹೇಗೆ?

ಅಮೆರಿಕದ ಕೃಷಿ ಇಲಾಖೆಯ ಚಳಿ ವಲಯಗಳ ಪಟ್ಟಿಯನ್ನು ಹೆಚ್ಚಿನ ಪುಸ್ತಕಗಳು ಉಲ್ಲೇಖಿಸುತ್ತವೆ. ಒಂದು ಪ್ರದೇಶದಲ್ಲಿ ಪ್ರತಿ ವರ್ಷದ ಅತಿ ಕಡಿಮೆ ಉಷ್ಣಾಂಶದ ಸರಾಸರಿಯನ್ನು ತೆಗೆದುಕೊಂಡು, ಆ ಪಟ್ಟಿಯಲ್ಲಿ 13 ವಲಯಗಳನ್ನು ಮಾಡಲಾಗಿದೆ. ಗಿಡ ಚಳಿಯನ್ನು ತಾಳಬಲ್ಲುದೆ ಎಂಬುದಕ್ಕೆ ಮಾತ್ರ ಇದು ಉತ್ತರ ಕೊಡುತ್ತದೆ. ಸೆಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಬೆಚ್ಚನೆಯ ಊರುಗಳಲ್ಲಿ ಕೋನಿಫರ್‌ಗಳು ಸೋಲುವುದು ಸೆಕೆಗೆ, ಅದರಲ್ಲೂ ರಾತ್ರಿಯೂ ತಣಿಯದ ಸೆಕೆ ಮತ್ತು ಗಾಳಿಯ ತೇವ ಎರಡೂ ಕೂಡಿದಾಗ. ಅಮೆರಿಕದ ಹಾರ್ಟಿಕಲ್ಚರಲ್ ಸೊಸೈಟಿ ಇದಕ್ಕಾಗಿಯೇ, ವರ್ಷದಲ್ಲಿ 30 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳನ್ನು ಎಣಿಸಿ ಬೇರೊಂದು ವಲಯಪಟ್ಟಿ ಮಾಡಿದೆ. ಎರಡನ್ನೂ ನೋಡಬೇಕು.

ಸ್ಥೂಲವಾಗಿ ಹೇಳುವುದಾದರೆ ಸ್ಪ್ರೂಸ್, ಫರ್, ಲಾರ್ಚ್ ಮತ್ತು ಮ್ಯೂಗೊ ಪೈನ್ ತಂಪು ನಾಡಿನವು; ಅವುಗಳಲ್ಲಿ ಹಲವಕ್ಕೆ ವಸಂತದಲ್ಲಿ ಸರಿಯಾಗಿ ಚಿಗುರಲು ಚಳಿಗಾಲದ ವಿಶ್ರಾಂತಿ ಬೇಕೇಬೇಕು. ಚಿತ್ರದಲ್ಲಿ ಕಂಡ ನೀಲಿ ಸ್ಪ್ರೂಸ್‌ಗೆ ಮನಸೋತು ಅದನ್ನು ಸೆಕೆನಾಡಿನಲ್ಲಿ ನೆಡುವುದು ಮರಕ್ಕೆ ಮಾಡುವ ಅನ್ಯಾಯ. ಹಿಮ ಬೀಳದ ಬೆಚ್ಚನೆಯ ಜಾಗಗಳಿಗೆ ಪೊಡೊಕಾರ್ಪಸ್ ಮ್ಯಾಕ್ರೊಫಿಲಸ್, ಅರೌಕೇರಿಯ, ಮೋರ್‌ಪಂಖಿ ಎಂದು ಮಾರಾಟವಾಗುವ ಪ್ಲಾಟಿಕ್ಲಾಡಸ್, ಚೀನೀ ಜೂನಿಪರ್‌ನ ‘ಕೈಜುಕ’ದಂತಹ ತಳಿಗಳು ಒಗ್ಗುತ್ತವೆ. ಬೇಸಿಗೆಯಲ್ಲಿ ಒಣಗುವ ನೆಲವಾದರೆ, ಕಂಬದಂತೆ ನೆಟ್ಟಗೆ ಏಳುವ ಮೆಡಿಟರೇನಿಯನ್ ಸೈಪ್ರಸ್ ಚೆನ್ನಾಗಿ ಬರುತ್ತದೆ. ಒಂದೇ ಹೆಸರಿನ ಕುಲದೊಳಗೂ ಅಜಗಜಾಂತರವಿರುತ್ತದೆ: ಪೈನ್‌ಗಳಲ್ಲಿ ಉತ್ತರಧ್ರುವದ ಹತ್ತಿರದವೂ ಇವೆ, ಉಷ್ಣವಲಯದ ಸಮುದ್ರತೀರದವೂ ಇವೆ. ಆದ್ದರಿಂದ ‘ಪೈನ್ ಬೇಕು’ ಎಂದು ಕೇಳುವುದು ಸಾಲದು, ಯಾವ ಪೈನ್ ಎಂದು ಕೇಳಬೇಕು.

‘ಕ್ರಿಸ್‌ಮಸ್ ಗಿಡ’ ಎಂದು ಕುಂಡದಲ್ಲಿ ಕೊಡುವ ಅರೌಕೇರಿಯವನ್ನು ಮನೆಯ ಮುಂದೆ ನೆಡಬಹುದೆ?

ಅದು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳ ನಡುವಿನ ನಾರ್ಫೋಕ್ ದ್ವೀಪದ ಮರ. ತನ್ನ ನೆಲದಲ್ಲಿ 50 ಮೀಟರ್ ದಾಟುತ್ತದೆ. ನೆಲಕ್ಕೆ ಇಳಿಸಿದರೆ ಎರಡಂತಸ್ತಿನ ಮನೆಯನ್ನು ಅದು ಮೀರುವುದು ಖಂಡಿತ, ಮತ್ತು ಆಗ ನೆತ್ತಿಯನ್ನು ಕತ್ತರಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಕೊಂಬೆ ಜೋಡಿಸಿದಂತಿರುವ ಅದರ ಚೆಲುವು ಮರಳಿ ಬರುವುದಿಲ್ಲ. ದೊಡ್ಡ ಬಯಲಿದ್ದರೆ ನೆಡಿ. ಇಲ್ಲದಿದ್ದರೆ ಕುಂಡದಲ್ಲಿಯೇ ಇರಲಿ. ಉಪ್ಪುಗಾಳಿಯನ್ನು ತಾಳುವ ಶಕ್ತಿ ಅದಕ್ಕಿರುವುದರಿಂದ ಕಡಲತೀರಕ್ಕೆ ಅದು ಒಳ್ಳೆಯ ಆಯ್ಕೆ ಎಂಬುದನ್ನೂ ಹೇಳಬೇಕು.

ಕುಂಡ ಕೊಳ್ಳುವಾಗ ಬುಡವನ್ನು ಬಗ್ಗಿ ನೋಡಿ. ತುಂಬಿಕೊಂಡಂತೆ ಕಾಣಲೆಂದು ಒಂದೇ ಕುಂಡದಲ್ಲಿ ಮೂರು ನಾಲ್ಕು ಸಸಿಗಳನ್ನು ಒತ್ತಾಗಿ ನೆಟ್ಟಿರುವುದು ಸಾಮಾನ್ಯ. ದೊಡ್ಡದಾಗುತ್ತ ಅವು ಒಂದನ್ನೊಂದು ತಳ್ಳಿ ಓರೆಯಾಗುತ್ತವೆ. ಪಕ್ಕದ ಕೊಂಬೆಯಿಂದ ಕಡ್ಡಿ ನೆಟ್ಟು ಹೊಸ ಗಿಡ ಮಾಡುವ ಪ್ರಯತ್ನವೂ ಬೇಡ, ಏಕೆಂದರೆ ಅಂತಹ ಕಡ್ಡಿ ಬೇರು ಬಿಟ್ಟರೂ ಕೊಂಬೆಯಂತೆ ಅಡ್ಡಡ್ಡಲಾಗಿಯೇ ಬೆಳೆಯುತ್ತದೆ, ನೆಟ್ಟಗೆ ನಿಲ್ಲುವುದಿಲ್ಲ.

ನಾರ್ಫೋಕ್ ಮರವೆಂದು ಮಾರಾಟವಾಗುವ ಎಷ್ಟೋ ಗಿಡಗಳು ನಿಜವಾಗಿ ಅದರ ಸೋದರ ಮರವಾದ ಕುಕ್ ಪೈನ್‌ಗಳು. ದೊಡ್ಡದಾದ ಮೇಲೆ ಅವುಗಳ ಗುರುತು ಹಿಡಿಯಲು ಒಂದು ವಿಚಿತ್ರ ಲಕ್ಷಣವಿದೆ: ಕುಕ್ ಪೈನ್ ವಾಲುತ್ತದೆ, ಅದೂ ಭೂಮಧ್ಯರೇಖೆಯ ಕಡೆಗೆ. ಐದು ಖಂಡಗಳಲ್ಲಿ 256 ಮರಗಳನ್ನು ಅಳೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ವಾಲಿಕೆಯ ಸರಾಸರಿ 8.55 ಡಿಗ್ರಿ. ಉತ್ತರಾರ್ಧಗೋಳದಲ್ಲಿ ದಕ್ಷಿಣಕ್ಕೆ, ದಕ್ಷಿಣಾರ್ಧಗೋಳದಲ್ಲಿ ಉತ್ತರಕ್ಕೆ ವಾಲುವ ಈ ಮರವನ್ನು ಗೋಡೆಯ ಯಾವ ಬದಿಗೆ ನೆಡಬೇಕೆಂಬುದನ್ನು ಯೋಚಿಸಲು ಈ ಮಾಹಿತಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ನೆರಳಿನಲ್ಲಿ ಕೋನಿಫರ್ ಬೆಳೆಯುತ್ತದೆಯೆ?

ಹೆಚ್ಚಿನವು ಬೆಳೆಯುವುದಿಲ್ಲ. ಪೈನ್, ಜೂನಿಪರ್, ಸೈಪ್ರಸ್ ಮತ್ತು ಲಾರ್ಚ್‌ಗಳಿಗೆ ದಿನಕ್ಕೆ ಕನಿಷ್ಠ ಆರು ಗಂಟೆಗಳ ನೇರ ಬಿಸಿಲು ಬೇಕು. ಸಿಗದಿದ್ದರೆ ಒಳಗಿನಿಂದ ಬರಿದಾಗುತ್ತ ಬರುತ್ತವೆ. ಯೂ, ಹೆಮ್ಲಾಕ್ ಮತ್ತು ಪೊಡೊಕಾರ್ಪಸ್ ಅರೆನೆರಳಿನಲ್ಲಿ ಚೆನ್ನಾಗಿ ಬಾಳುತ್ತವೆ. ಗೋಡೆಗೆ ಒತ್ತಿಕೊಂಡು ನೆಟ್ಟ ಗಿಡಕ್ಕೆ ಒಂದು ಬದಿಯಿಂದ ಮಾತ್ರ ಬೆಳಕು ಸಿಗುವುದರಿಂದ ಆ ಬದಿ ಮಾತ್ರ ಹಸಿರಾಗಿ, ಹಿಂಬದಿ ಶಾಶ್ವತವಾಗಿ ಬೋಳಾಗುತ್ತದೆ.

ಮಣ್ಣು ಎಂತಹದಿರಬೇಕು?

ಫಲವತ್ತತೆಗಿಂತ ನೀರು ಬಸಿಯುವುದು ಮುಖ್ಯ. ಬೇರಿನ ಸುತ್ತ ನೀರು ನಿಂತರೆ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯಿಂದ ಬೇರು ಕೊಳೆಯುತ್ತದೆ. ಈ ರೋಗದ ಮೋಸವೆಂದರೆ, ಮೇಲೆ ಕಾಣುವ ಲಕ್ಷಣ ನೀರಿನ ಕೊರತೆಯಂತೆಯೇ ಇರುತ್ತದೆ. ಎಲೆ ಬಾಡಿತೆಂದು ಇನ್ನಷ್ಟು ನೀರು ಹಾಕಿದವರು ಗಿಡದ ಅಂತ್ಯವನ್ನು ಹತ್ತಿರ ತರುತ್ತಾರೆ. ನೆಡುವ ಜಾಗದಲ್ಲಿ ಒಂದಡಿ ಆಳದ ಗುಣಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ನೋಡಿ. ಎರಡನೆಯ ಸಲ ಗಂಟೆಗೆ 2.5 ಸೆಂಟಿಮೀಟರ್‌ಗಿಂತ ನಿಧಾನವಾಗಿ ನೀರು ಇಳಿದರೆ ಆ ಜಾಗ ಹೆಚ್ಚಿನ ಕೋನಿಫರ್‌ಗಳಿಗೆ ತಕ್ಕುದಲ್ಲ. ಏರಿ ಮಾಡಿ ಅದರ ಮೇಲೆ ನೆಡಬೇಕು, ಇಲ್ಲವೆ ಜೌಗನ್ನು ಪ್ರೀತಿಸುವ ಬೋಳು ಸೈಪ್ರಸ್‌ನಂತಹ ಅಪವಾದವನ್ನು ಆರಿಸಬೇಕು.

ಹೆಚ್ಚಿನ ಜಾತಿಗಳಿಗೆ ತುಸು ಹುಳಿ ಮಣ್ಣು ಇಷ್ಟ. ಸುಣ್ಣದಂಶ ಹೆಚ್ಚಿರುವ ನೆಲದಲ್ಲಿ ಜೂನಿಪರ್ ಮತ್ತು ಯೂ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಒಮ್ಮೆ ಬೇರೂರಿದ ಜೂನಿಪರ್ ಬರವನ್ನೂ ತಾಳುತ್ತದೆ, ಥೂಜಾ ಆಕ್ಸಿಡೆಂಟಾಲಿಸ್‌ಗಾದರೋ ಬೇರಿನ ಬಳಿ ಸದಾ ತುಸು ತೇವವಿರಬೇಕು.

ಬೇಲಿಗೆ ಬೇಗ ಬೆಳೆಯುವ ಜಾತಿ ಯಾವುದು?

ಪ್ರಶ್ನೆಯಲ್ಲಿರುವ ‘ಬೇಗ’ ಎಂಬ ಮಾತನ್ನು ಮರುಚಿಂತಿಸಬೇಕೆಂದು ಕೇಳಿಕೊಳ್ಳುತ್ತೇನೆ. ಬೇಗ ಬೆಳೆಯುವ ಜಾತಿಗಳಲ್ಲಿ ಹೆಸರಾದದ್ದು ಲೇಲ್ಯಾಂಡ್ ಸೈಪ್ರಸ್. ಕಾಡಿನಲ್ಲಿ ಒಂದನ್ನೊಂದು ಎಂದೂ ಸಂಧಿಸದ ಮಾಂಟೆರೆ ಸೈಪ್ರಸ್ ಮತ್ತು ನೂಟ್ಕ ಸೈಪ್ರಸ್‌ಗಳು ವೇಲ್ಸ್‌ನ ಲೇಟನ್ ಹಾಲ್ ತೋಟದಲ್ಲಿ ಅಕ್ಕಪಕ್ಕ ಬೆಳೆದಿದ್ದವು. 1888ರಲ್ಲಿ ಅಲ್ಲಿಯ ಬೀಜದಿಂದ ಹುಟ್ಟಿದ ಮಿಶ್ರತಳಿಯೇ ಇದು. ಎಳವೆಯಲ್ಲಿ ವರ್ಷಕ್ಕೆ ಸುಮಾರು ಒಂದು ಮೀಟರ್ ಏರುತ್ತದೆ, ಮೂರು ನಾಲ್ಕು ವರ್ಷಗಳಲ್ಲಿ ಮರೆ ಒದಗಿಸುತ್ತದೆ, ಆಮೇಲೂ ಅದೇ ವೇಗದಲ್ಲಿ ಏರುತ್ತಲೇ ಇರುತ್ತದೆ. ಬಿಟ್ಟರೆ 30 ಮೀಟರ್ ದಾಟುತ್ತದೆ. ವರ್ಷಕ್ಕೆ ಎರಡು ಸಲ ತಪ್ಪದೆ ಸವರುವ ಶಕ್ತಿ ಮತ್ತು ಏಣಿ ಇಲ್ಲದವರು ಇದನ್ನು ನೆಡಬಾರದು. ನೆರೆಯವರ ಬೆಳಕನ್ನು ಕಸಿಯುವ ಬೇಲಿ ಯಾವ ಅಂದವನ್ನೂ ತರುವುದಿಲ್ಲ.

ಎರಡು ಮೀಟರ್ ಎತ್ತರದ ಬೇಲಿ ಬೇಕಾದವರು ನಿಧಾನದ ಜಾತಿಗಳನ್ನು ನೆಟ್ಟು ಎರಡು ಮೂರು ವರ್ಷ ಹೆಚ್ಚು ಕಾಯುವುದು ಲೇಸು. ತಂಪಾದ ಕಡೆಗೆ 1950ರಲ್ಲಿ ಡೆನ್ಮಾರ್ಕ್‌ನಲ್ಲಿ ಬಂದ ಥೂಜಾ ‘ಸ್ಮರಗ್ಡ್’ ಒಳ್ಳೆಯದು. ಅದು ಒಂದು ಮೀಟರಿನಷ್ಟೇ ಅಗಲವಾಗಿ 3ರಿಂದ 4.5 ಮೀಟರ್ ಎತ್ತರಕ್ಕೆ ಬರುತ್ತದೆ. ಬೆಚ್ಚನೆಯ ಕಡೆಗೆ ಪೊಡೊಕಾರ್ಪಸ್‌ಗಿಂತ ಉತ್ತಮ ಬೇಲಿಗಿಡ ನನಗೆ ತೋರುವುದಿಲ್ಲ. ತೋಟದಲ್ಲಿ ಉದ್ದನೆಯ ಬೇಲಿಯಿದ್ದರೆ ಎರಡು ಮೂರು ಜಾತಿಗಳನ್ನು ಬೆರೆಸುವುದೂ ವಿವೇಕದ ಕೆಲಸ, ಏಕೆಂದರೆ ಒಂದೇ ತಳಿಯ ಸಾಲಿನಲ್ಲಿ ರೋಗ ಹೊಕ್ಕರೆ ಒಂದರಿಂದೊಂದಕ್ಕೆ ದಾಟುತ್ತ ಸಾಲನ್ನೇ ಮುಗಿಸುತ್ತದೆ.

ಗಿಡ ಅತಿಯಾಗಿ ಬೆಳೆದರೆ ಕತ್ತರಿಸಿ ಚಿಕ್ಕದು ಮಾಡಬಹುದಲ್ಲವೆ?

ಬಹುತೇಕ ಜಾತಿಗಳಲ್ಲಿ ಸಾಧ್ಯವಿಲ್ಲ. ದಾಸವಾಳವನ್ನೋ ಕಣಗಿಲೆಯನ್ನೋ ಮೊಣಕಾಲಿನವರೆಗೆ ಕಡಿದರೂ ಹಳೆಯ ಕಾಂಡದಿಂದ ಹೊಸ ಚಿಗುರು ಒಡೆಯುತ್ತದೆ, ಏಕೆಂದರೆ ತೊಗಟೆಯ ಕೆಳಗೆ ಮಲಗಿರುವ ಮೊಗ್ಗುಗಳಿರುತ್ತವೆ. ಹೆಚ್ಚಿನ ಕೋನಿಫರ್‌ಗಳ ಹಳೆಯ ಕೊಂಬೆಯಲ್ಲಿ ಅಂತಹ ಮೊಗ್ಗುಗಳು ಉಳಿದಿರುವುದಿಲ್ಲ. ಥೂಜಾ ಅಥವಾ ಸೈಪ್ರಸ್ ಗಿಡದ ಹಸಿರನ್ನು ಕೈಯಿಂದ ಸರಿಸಿ ಒಳಗೆ ನೋಡಿದರೆ ಎಲೆಯಿಲ್ಲದ ಕಂದು ಕಡ್ಡಿಗಳ ವಲಯ ಕಾಣುತ್ತದೆ. ಕತ್ತರಿ ಆ ವಲಯವನ್ನು ಮುಟ್ಟಿದರೆ ಅಲ್ಲಿ ಉಂಟಾಗುವ ತೂತು ಮತ್ತೆ ಮುಚ್ಚುವುದಿಲ್ಲ. ಆದ್ದರಿಂದ ಇವುಗಳನ್ನು ಎಳವೆಯಿಂದಲೇ, ಹಸಿರಿನ ಅಂಚಿನೊಳಗೆ, ಪ್ರತಿವರ್ಷ ಸ್ವಲ್ಪ ಸ್ವಲ್ಪವೇ ಸವರಬೇಕು.

ಪೈನ್‌ನ ರೀತಿ ಬೇರೆ. ವಸಂತದಲ್ಲಿ ಅದರ ಹೊಸ ಕುಡಿಗಳು ಮೇಣದಬತ್ತಿಯಂತೆ ನಿಂತಿರುವಾಗ, ಸೂಜಿಗಳು ಬಿಚ್ಚಿಕೊಳ್ಳುವ ಮೊದಲೇ, ಪ್ರತಿ ಕುಡಿಯನ್ನು ಅರ್ಧಕ್ಕೆ ಚಿವುಟಿದರೆ ಗಿಡ ಒತ್ತಾಗುತ್ತದೆ; ಸೂಜಿಗಳು ಬಲಿತ ಮೇಲೆ ಕತ್ತರಿಸಿದರೆ ತುದಿಯಲ್ಲಿ ಮೊಗ್ಗು ಕಟ್ಟುವುದಿಲ್ಲ. ಸ್ಪ್ರೂಸ್ ಮತ್ತು ಫರ್‌ಗಳ ಕಡ್ಡಿಯ ಪಕ್ಕದಲ್ಲಿ ಮೊಗ್ಗುಗಳಿರುವುದರಿಂದ ಅಂತಹ ಒಂದು ಮೊಗ್ಗಿನ ಮೇಲ್ಭಾಗದವರೆಗೆ ಕತ್ತರಿಸಬಹುದು. ಯೂ, ಪೊಡೊಕಾರ್ಪಸ್ ಮತ್ತು ಜಪಾನಿನ ಸುಗಿ ಮರದಂತಹ ಕೆಲವು ಮಾತ್ರ ಹಳೆಯ ಕಾಂಡದಿಂದಲೂ ಚಿಗುರಬಲ್ಲವು. ಕತ್ತರಿಯ ಮೇಲೆ ನಿಮಗೆ ಹತೋಟಿ ಇಲ್ಲವೆಂದಾದರೆ, ಅಥವಾ ಎರಡು ವರ್ಷ ತೋಟ ಪಾಳು ಬೀಳುವ ಸಂಭವವಿದ್ದರೆ, ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ.

ನೀಲಿ ಮತ್ತು ಹೊನ್ನಿನ ಬಣ್ಣದ ತಳಿಗಳು ಹಾಗೆಯೇ ಉಳಿಯುತ್ತವೆಯೆ?

ನೀಲಿ ಬಣ್ಣವೆಂಬುದು ಎಲೆಯ ಮೇಲಿನ ತೆಳು ಮೇಣದ ಲೇಪ. ಕೀಟಗಳಿಗೆಂದು ಎಣ್ಣೆಯ ಸಿಂಪಡಣೆ ಮಾಡಿದರೆ ಆ ಲೇಪ ಕರಗಿ ಎಲೆ ಹಸಿರಾಗಿ ಕಾಣುತ್ತದೆ; ಮರಳಿ ನೀಲಿಯಾಗಬೇಕಾದರೆ ಹೊಸ ಚಿಗುರು ಬರುವವರೆಗೆ ಕಾಯಬೇಕು. ಹೊನ್ನಿನ ತಳಿಗಳಿಗೆ ನೆರಳಾದರೆ ಬಣ್ಣ ಮಾಸುತ್ತದೆ, ಉರಿಬಿಸಿಲಾದರೆ ಎಲೆ ಸುಡುತ್ತದೆ. ಬೆಳಗಿನ ಬಿಸಿಲು ಬಿದ್ದು ನಡುಮಧ್ಯಾಹ್ನ ತುಸು ನೆರಳಾಗುವ ಜಾಗ ಅವಕ್ಕೆ ಹಿತ. ಬಣ್ಣದ ಗಿಡ ತೋಟಕ್ಕೆ ಒಂದಿದ್ದರೆ ಕಣ್ಣು ಅಲ್ಲಿ ನಿಲ್ಲುತ್ತದೆ, ಐದಿದ್ದರೆ ಎಲ್ಲಿಯೂ ನಿಲ್ಲುವುದಿಲ್ಲ ಎಂಬುದು ನನ್ನ ಅನುಭವ.

ಎಲ್ಲ ಕೋನಿಫರ್‌ಗಳೂ ನಿತ್ಯಹಸಿರೇ?

ಅಲ್ಲ, ಲಾರ್ಚ್, ಬೋಳು ಸೈಪ್ರಸ್ ಮತ್ತು ಮೆಟಾಸಿಕ್ವೋಯ ಪ್ರತಿವರ್ಷ ಎಲೆ ಉದುರಿಸುತ್ತವೆ. ಸತ್ತಿತೆಂದು ತಿಳಿದು ಇವನ್ನು ಕಡಿದುಹಾಕಿದ ಪ್ರಸಂಗಗಳು ಎಷ್ಟೋ ಇವೆ. ಮೆಟಾಸಿಕ್ವೋಯದ ಕತೆ ಸೊಗಸಾದದ್ದು: 1941ರಲ್ಲಿ ಜಪಾನಿನ ವಿಜ್ಞಾನಿ ಶಿಗೆರು ಮಿಕಿ ಪಳೆಯುಳಿಕೆಗಳ ಆಧಾರದಿಂದ ಈ ಕುಲಕ್ಕೆ ಹೆಸರಿಟ್ಟರು, ಅದೇ ದಶಕದಲ್ಲಿ ಚೀನಾದಲ್ಲಿ ಜೀವಂತ ಮರಗಳೇ ಸಿಕ್ಕಿ, 1948ರಲ್ಲಿ ಅವುಗಳ ವಿವರಣೆ ಪ್ರಕಟವಾಯಿತು. ಎಲೆ ಉದುರುವ ಮುನ್ನ ಅದು ತಾಳುವ ತಾಮ್ರದ ಬಣ್ಣ ಮರೆಯಲಾಗದ್ದು, ಆದರೆ 30 ಮೀಟರ್ ಮೀರುವ ಈ ಮರ ಸಣ್ಣ ತೋಟಕ್ಕಲ್ಲ.

ಮಕ್ಕಳು, ದನಕರುಗಳು ಇರುವ ಮನೆಯಲ್ಲಿ ಯಾವುದನ್ನು ನೆಡಬಾರದು?

ಯೂ ಮರವನ್ನು. ಬೀಜವನ್ನು ಸುತ್ತಿಕೊಂಡಿರುವ ಕೆಂಪು ತಿರುಳೊಂದನ್ನು ಬಿಟ್ಟು ಅದರ ಎಲೆ, ತೊಗಟೆ, ಬೀಜ ಎಲ್ಲವೂ ಹೃದಯದ ಮೇಲೆ ಪರಿಣಾಮ ಬೀರುವ ತೀವ್ರ ವಿಷ. ಸವರಿ ಎಸೆದ ಒಣ ಸೊಪ್ಪಿನಲ್ಲಿಯೂ ವಿಷ ಉಳಿದಿರುವುದರಿಂದ ಅದನ್ನು ಮೇಯ್ದ ದನ ಮತ್ತು ಕುದುರೆಗಳು ಸಾಯುತ್ತವೆ. ಕೆಂಪು ತಿರುಳು ಮಕ್ಕಳನ್ನು ಸೆಳೆಯುವಂತಿರುವುದು ಅಪಾಯವನ್ನು ಹೆಚ್ಚಿಸುತ್ತದೆ.

ತೋಟದಲ್ಲಿ ಸೇಬು ಅಥವಾ ಪೇರ್ ಮರಗಳಿದ್ದರೆ ಜೂನಿಪರ್ ಆರಿಸುವ ಮುನ್ನವೂ ಯೋಚಿಸಬೇಕು. ಒಂದು ಬಗೆಯ ತುಕ್ಕುರೋಗದ ಶಿಲೀಂಧ್ರ ತನ್ನ ಬದುಕಿನ ಅರ್ಧವನ್ನು ಜೂನಿಪರ್‌ನಲ್ಲಿಯೂ ಉಳಿದರ್ಧವನ್ನು ಈ ಹಣ್ಣಿನ ಮರಗಳಲ್ಲಿಯೂ ಕಳೆಯುತ್ತದೆ. ರೋಗ ತಡೆಯುವ ತಳಿಗಳು ಸಿಗುತ್ತವೆ. ಅವನ್ನೇ ಕೇಳಿ ಪಡೆಯಬೇಕು.

ಮನೆಯಿಂದ ಎಷ್ಟು ದೂರದಲ್ಲಿ ನೆಡಬೇಕು?

ಬೆಳೆದ ಮರದ ಅಗಲದ ಅರ್ಧದಷ್ಟು, ಅದರ ಮೇಲೆ ಒಬ್ಬರು ಏಣಿ ಹಿಡಿದು ಓಡಾಡುವಷ್ಟು. ಕಾಳ್ಗಿಚ್ಚಿನ ಭಯವಿರುವ ಪ್ರದೇಶಗಳಲ್ಲಿ ಈ ಅಂತರವನ್ನು ಇನ್ನೂ ಹೆಚ್ಚಿಸಬೇಕು. ಕೋನಿಫರ್‌ಗಳ ರಾಳ ಬೇಗ ಹೊತ್ತಿಕೊಳ್ಳುತ್ತದೆ, ಅದರಲ್ಲೂ ಒಳಗೆ ಒಣ ಎಲೆಗಳನ್ನು ತುಂಬಿಕೊಂಡ ಜೂನಿಪರ್ ಪೊದೆಯನ್ನು ಕಿಟಕಿಯ ಕೆಳಗೆ ಬೆಳೆಸುವುದು ಸರ್ವಥಾ ಸಲ್ಲದು.

ನರ್ಸರಿಯಲ್ಲಿ ಒಳ್ಳೆಯ ಸಸಿಯನ್ನು ಗುರುತಿಸುವುದು ಹೇಗೆ? ನೆಡುವ ಕ್ರಮ ಯಾವುದು?

ಎತ್ತರದ ಸಸಿಗಿಂತ ಗಟ್ಟಿಮುಟ್ಟಾದ ಚಿಕ್ಕ ಸಸಿ ಬೇಗ ಬೇರೂರುತ್ತದೆ. ಮರವಾಗಿ ಬೆಳೆಯುವ ಜಾತಿಯಾದರೆ ನೆತ್ತಿಕುಡಿ ಒಂದೇ ಇದ್ದು, ಮುರಿಯದೆ ಇರಬೇಕು. ಅಂಗಡಿಯವರ ಒಪ್ಪಿಗೆ ಪಡೆದು ಕುಂಡದಿಂದ ಹೊರತೆಗೆದು ನೋಡಿ: ಬೇರುಗಳು ಹಗ್ಗದಂತೆ ಸುತ್ತು ಹಾಕಿದ್ದರೆ ಆ ಸಸಿ ಬೇಡ, ಏಕೆಂದರೆ ಅದೇ ಬೇರು ದಪ್ಪವಾಗುತ್ತ ಹತ್ತು ಹನ್ನೆರಡು ವರ್ಷಗಳ ನಂತರ ತನ್ನ ಕಾಂಡವನ್ನೇ ಬಿಗಿಯುತ್ತದೆ. ಕಸಿ ಗಿಡವಾದರೆ ಕಸಿಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಆಗಾಗ ತೆಗೆಯಬೇಕಾಗುತ್ತದೆ. ಕೊನೆಯದಾಗಿ, ಕೊಂಬೆಯೊಂದರ ಕೆಳಗೆ ಬಿಳಿ ಕಾಗದ ಹಿಡಿದು ಕೊಂಬೆಯನ್ನು ತಟ್ಟಿ. ಕಾಗದದ ಮೇಲೆ ಬಿದ್ದ ಚುಕ್ಕೆಗಳು ಹರಿದಾಡಿದರೆ ಅವು ಜೇಡನುಸಿಗಳು, ಆ ಗಿಡವನ್ನು ಮನೆಗೆ ತರಬೇಡಿ.

ಗುಣಿ ಬೇರಿನ ಹೆಂಟೆಗಿಂತ ಎರಡು ಮೂರು ಪಟ್ಟು ಅಗಲವಿರಲಿ, ಆದರೆ ಅದಕ್ಕಿಂತ ಆಳವಿರುವುದು ಬೇಡ; ಕಾಂಡ ಅಗಲವಾಗಿ ಬೇರಾಗುವ ಜಾಗ ನೆಲದ ಮಟ್ಟದಲ್ಲಿಯೇ ಇರಬೇಕು. ಹೆಂಟೆಯ ಮಣ್ಣನ್ನು ಪೂರ್ತಿ ತೊಳೆದು ತೆಗೆಯಬಾರದು: ಪೈನ್‌ನಂತಹ ಮರಗಳ ಬೇರುಗಳು ಮಣ್ಣಿನ ಶಿಲೀಂಧ್ರಗಳೊಡನೆ ಕೂಡಿ ಬಾಳುತ್ತವೆ, ಹೊಸ ನೆಲದಲ್ಲಿ ಆ ಜೊತೆಗಾರರು ಇಲ್ಲದಿರಬಹುದು. ಗುಣಿಗೆ ಗೊಬ್ಬರ ಬೇಕಾಗಿಲ್ಲ. ಒಣ ಎಲೆ ಅಥವಾ ಚಕ್ಕೆಗಳ ಹೊದಿಕೆಯನ್ನು 5ರಿಂದ 8 ಸೆಂಟಿಮೀಟರ್ ದಪ್ಪಕ್ಕೆ, ಕಾಂಡಕ್ಕೆ ತಗುಲದಂತೆ ಹಾಸಿ, ಮೊದಲ ಎರಡು ವರ್ಷ ನೀರಿನ ಕಡೆ ಗಮನವಿಟ್ಟರೆ ಸಾಕು.

ಗಿಡದ ಒಳಭಾಗದ ಎಲೆಗಳು ಕಂದಾಗಿ ಉದುರುತ್ತಿವೆ. ರೋಗವೆ?

ಕಾಂಡದ ಹತ್ತಿರದ ಹಳೆಯ ಎಲೆಗಳು ಮಾತ್ರ, ಗಿಡದ ಎಲ್ಲ ಬದಿಯಲ್ಲೂ ಒಂದೇ ಸಮನಾಗಿ ಉದುರುತ್ತಿದ್ದರೆ ರೋಗವಲ್ಲ. ನಿತ್ಯಹಸಿರೆಂದರೆ ಎಲೆಗೆ ಸಾವಿಲ್ಲವೆಂದಲ್ಲ. ಹೆಚ್ಚಿನ ಪೈನ್‌ಗಳ ಸೂಜಿಗಳು ಎರಡರಿಂದ ನಾಲ್ಕು ವರ್ಷ ಬಾಳಿ ಉದುರುತ್ತವೆ. ಕೊಂಬೆಯ ತುದಿಯೇ ಕಂದಾಗುತ್ತಿದ್ದರೆ, ಅಥವಾ ಒಂದು ಬದಿ ಮಾತ್ರ ಒಣಗುತ್ತಿದ್ದರೆ, ಆಗ ಬೇರನ್ನೂ ನೀರನ್ನೂ ಪರೀಕ್ಷಿಸಬೇಕು. ಉದುರಿದ ಸೂಜಿಗಳು ಮಣ್ಣನ್ನು ಹುಳಿ ಮಾಡುತ್ತವೆಂಬ ಭಯ ಬೇಡ. ಅವು ಕೊಳೆತಾಗ ಆಗುವ ವ್ಯತ್ಯಾಸ ಗಣನೆಗೆ ಬಾರದಷ್ಟು. ಮರದಡಿ ಹುಲ್ಲು ಬೆಳೆಯದಿರುವುದಕ್ಕೆ ಕಾರಣ ದಟ್ಟ ನೆರಳು ಮತ್ತು ಒಣ ಮಣ್ಣು. ಆ ಸೂಜಿಗಳನ್ನು ಗುಡಿಸಿ ಎಸೆಯದೆ ಅಲ್ಲಿಯೇ ಹೊದಿಕೆಯಾಗಿ ಬಿಡಬಹುದು.

ಕುಂಡದಲ್ಲಿ ಕೋನಿಫರ್ ಬಹುಕಾಲ ಬಾಳುತ್ತದೆಯೆ?

ನಿಧಾನವಾಗಿ ಬೆಳೆಯುವ ತಳಿಯಾದರೆ ಬಾಳುತ್ತದೆ. ಕುಂಡದ ಬೇರುಗಳಿಗೆ ನೆಲದ ರಕ್ಷಣೆಯಿಲ್ಲದಿರುವುದರಿಂದ ಚಳಿ ಹೆಚ್ಚಿರುವ ಕಡೆ, ನಿಮ್ಮ ವಲಯಕ್ಕಿಂತ ಎರಡು ವಲಯ ಹೆಚ್ಚು ಚಳಿಯನ್ನು ತಾಳುವ ಗಿಡವನ್ನು ಆರಿಸಬೇಕು; ಬಿಸಿಲುನಾಡಿನಲ್ಲಿ ಕಪ್ಪು ಕುಂಡವನ್ನು ಬಿಟ್ಟು ತಿಳಿಬಣ್ಣದ ದಪ್ಪ ಕುಂಡವನ್ನು ಆರಿಸಬೇಕು. ಎರಡು ಮೂರು ವರ್ಷಕ್ಕೊಮ್ಮೆ ಬೇರು ಸವರಿ ಮಣ್ಣು ಬದಲಿಸಬೇಕು.

ಈಗಾಗಲೇ ತಪ್ಪು ಜಾಗದಲ್ಲಿ ದೊಡ್ಡದಾಗಿರುವ ಮರವನ್ನು ಏನು ಮಾಡುವುದು?

ನೆಟ್ಟು ಎರಡು ಮೂರು ವರ್ಷಗಳೊಳಗಾದರೆ ಅಗಲವಾದ ಹೆಂಟೆಯೊಡನೆ ಎಬ್ಬಿಸಿ ಬೇರೆಡೆ ನೆಡಬಹುದು, ತಡಮಾಡಿದಷ್ಟೂ ಉಳಿಯುವ ಸಂಭವ ಕಡಿಮೆ. ದೊಡ್ಡ ಮರವಾದರೆ ನೆತ್ತಿಯನ್ನು ಮೊಟಕುಗೊಳಿಸುವ ಬದಲು ಕೆಳಗಿನ ಕೊಂಬೆಗಳನ್ನು ಕಾಂಡದ ಬಳಿಯಿಂದ ತೆಗೆದು ಅಡಿಯಲ್ಲಿ ಓಡಾಡುವ ಜಾಗವನ್ನೂ ಬೆಳಕನ್ನೂ ಪಡೆಯುವ ದಾರಿಯಿದೆ. ಎಷ್ಟೋ ಪೈನ್ ಮತ್ತು ಸೈಪ್ರಸ್‌ಗಳು ಹೀಗೆ ಮಾಡಿದ ಮೇಲೆ ಮೊದಲಿಗಿಂತ ಚೆನ್ನಾಗಿ ಕಾಣುತ್ತವೆ. ತೆಗೆಯುವ ಕೆಲಸವನ್ನು ಒಂದೇ ಸಲಕ್ಕೆ ಮುಗಿಸದೆ ಎರಡು ಮೂರು ವರ್ಷಗಳಿಗೆ ಹಂಚಿಕೊಳ್ಳಬೇಕು, ಮತ್ತು ಮರದ ಎತ್ತರದ ಮೂರನೆಯ ಎರಡು ಭಾಗದಷ್ಟು ಹಸಿರನ್ನು ಮುಟ್ಟದೆ ಬಿಡಬೇಕು. ಅದೂ ಆಗದು ಎನ್ನುವಷ್ಟು ಮರ ಗೋಡೆಗೆ ಒತ್ತಿಕೊಂಡಿದ್ದರೆ, ಅದನ್ನು ವರ್ಷವರ್ಷವೂ ವಿರೂಪಗೊಳಿಸುತ್ತ ಇಟ್ಟುಕೊಳ್ಳುವುದಕ್ಕಿಂತ ತಿಳಿದವರ ಕೈಯಿಂದ ತೆಗೆಸುವುದೇ ಸರಿ. ಅದಕ್ಕೆ ಮೊದಲು ಮರ ಕಡಿಯಲು ಸ್ಥಳೀಯ ಆಡಳಿತದ ಅನುಮತಿ ಬೇಕೆ ಎಂಬುದನ್ನು ವಿಚಾರಿಸಿ, ಆ ಬುಡದಲ್ಲಿ ಹೊಸದನ್ನು ನೆಡದೆ ಒಂದೆರಡು ಮೀಟರ್ ಸರಿದು ಮುಂದಿನ ಗಿಡಕ್ಕೆ ಜಾಗ ಗುರುತಿಸಿ.